ಬಟ್ಟಲು ಹಿಡಿದುಕೊಳ್ಳಿ

ಅಪ್ಪ,

ನೀನಿದ್ದಾಗ ನಿನಗೆ ಒಂದು ಕಾಗದವನ್ನೂ ಬರೆದವನಲ್ಲ ನಾನು. ಹಾಸ್ಟೆಲಿನಿಂದ ಫೋನು ಮಾಡುತ್ತಿದ್ದೆ. ಊಟ ಆಯ್ತಾ, ಆಯ್ತು, ಹಸು ಹೇಗಿದೆ, ಅದೆ. ಅಲ್ಲಿಗೆ ಮಾತು ಮುಗಿಯುತ್ತಿತ್ತು. ನೀನು ಹೋಗಿ ಹನ್ನೊಂದು ವರ್ಷವಾದ ಮೇಲೆ ಈಗ ಬರೆಯಲು ಕೂತಿದ್ದೇನೆ. ನಾಳೆ ಬೆಳಿಗ್ಗೆ ಆರು ಗಂಟೆಗೆ ನನಗೊಂದು ಕೆಲಸವಿದೆ. ಅದಕ್ಕೆ ಮುಂಚೆ ನಿನಗೆ ಕೆಲವು ಸಂಗತಿ ಹೇಳಬೇಕು. ನೀನು ಪೇಪರನ್ನು ಯಾವಾಗಲೂ ಕೊನೆಯ ಪುಟದಿಂದ ಓದುತ್ತಿದ್ದವನು. ಇದನ್ನು ಮಾತ್ರ ಮೊದಲಿನಿಂದ ಓದು.

ನೀನು ಸೈಕಲ್ಲಿನಲ್ಲಿ ಕ್ಯಾತನಹಳ್ಳಿಗೆ ವಾಪಸು ಬರುವಾಗ ಕ್ಯಾರಿಯರಿನಲ್ಲಿ ಹಿಂದಿನ ದಿನದ ಪೇಪರು ಇರುತ್ತಿತ್ತು, ನೆನಪಿದೆಯಾ? ಪಾಂಡವಪುರದ ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಓದಿ ಬಿಟ್ಟದ್ದು. ನನ್ನ ಕನ್ನಡವೆಲ್ಲ ಅದರಿಂದಲೇ ಬಂದದ್ದು. ಆದರೆ ಅದರಲ್ಲಿ ಸದಾ ಒಂದು ಹಾಳೆ ಕಡಿಮೆ. ಮೊದಲ ಪುಟದ ಸುದ್ದಿ ‘ಆರನೇ ಪುಟಕ್ಕೆ’ ಎಂದು ನಿಂತರೆ ಆರನೇ ಪುಟವೇ ಇರುತ್ತಿರಲಿಲ್ಲ. ಎಲ್ಲಿ ಎಂದು ಕೇಳಿದರೆ, ನೀನು ‘ಕೆಲ್ಸಕ್ಕೆ ಬೇಕಾಗಿತ್ತು ಕಣ್ಲಾ’ ಎನ್ನುತ್ತಿದ್ದೆ. ಯಾವ ಕೆಲಸ ಎಂದು ನಾನು ಕೇಳಲಿಲ್ಲ. ಆಸ್ಪತ್ರೆಯ ಅಟೆಂಡರು ಎಂದರೆ ಫೈಲು ಹೊತ್ತು ತಿರುಗುವವರು ಎಂದುಕೊಂಡಿದ್ದೆ.

ಪಿಯುಸಿ ಎರಡನೇ ವರ್ಷದಲ್ಲಿ ಸಿಇಟಿ ಅರ್ಜಿಗೆ ನಿನ್ನ ಸಹಿ ಬೇಕಾಗಿ ಆಸ್ಪತ್ರೆಗೆ ಬಂದೆ. ಗಂಡಸರ ವಾರ್ಡಿನ ಕೊನೆಯಲ್ಲಿ ಹಸಿರು ಬಟ್ಟೆಯ ಪರದೆ. ಅದರ ಹಿಂದಿನಿಂದ ನಿನ್ನ ದನಿ ಕೇಳಿಸಿತು.

‘ಯಾವೂರಾಯ್ತು ಗೌಡ್ರೇ?’

‘ಕಿರಂಗೂರು.’

‘ನಮ್ ಬೀಗ್ರೂರು ಬುಡಿ. ತಗಳಿ, ಈ ಬಟ್ಲು ಇಡ್ಕಳಿ. ಎರಡೂ ಕೈಲಿ. ಬಿಸ್ನೀರು, ಚೆಲ್ಲಿದ್ರೆ ನಿಮ್ಗೂ ಸುಡ್ತದೆ, ನಂಗೂ ಸುಡ್ತದೆ.’

‘ನಾನ್ಯಾಕಪ್ಪ ಇಡ್ಕಬೇಕು?’

‘ನಂಗಿರೋದು ಎರಡೇ ಕೈ. ಇನ್ನೊಬ್ಬ ಆಳಿಲ್ಲ. ಕಬ್ಬು ಕಡುದ್ರಾ?’

‘ಎಲ್ಲಿ ಕಡ್ಯದು. ಫ್ಯಾಕ್ಟ್ರಿಯೋರು ಇನ್ನೂ ಪರ್ಮಿಟ್ ಕೊಟ್ಟಿಲ್ಲ. ಕಬ್ಬು ಹೂ ಬುಟ್ಟು ಸೂಲಂಗಿ ಬಂದ್ಬುಟ್ಟದೆ.’

ಆ ಮನುಷ್ಯ ಫ್ಯಾಕ್ಟರಿಯವರನ್ನು ಬಯ್ಯತೊಡಗಿದ. ನಾನು ಪರದೆಯ ಸಂದಿಯಿಂದ ನೋಡಿದೆ. ಅವನು ಸೊಂಟದ ಕೆಳಗೆ ಬಟ್ಟೆಯಿಲ್ಲದೆ ಮಲಗಿದ್ದಾನೆ. ಎದೆಯ ಮೇಲೆ ಸ್ಟೀಲಿನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಿದ್ದಾನೆ. ಕಣ್ಣು ಬಟ್ಟಲಿನ ನೀರಿನ ಮೇಲೆ, ಬಾಯಿ ಫ್ಯಾಕ್ಟರಿಯ ಮೇಲೆ. ನೀನು ಹರ್ನಿಯಾ ಆಪರೇಷನ್ನಿಗೆ ಅವನ ಕೂದಲು ತೆಗೆಯುತ್ತಿದ್ದೀಯ. ಅವನ ಬಯ್ಗುಳ ಮುಗಿಯುವ ಮೊದಲೇ ನಿನ್ನ ಕೆಲಸ ಮುಗಿದಿತ್ತು. ‘ಬಟ್ಲು ಕೊಡಿ’ ಎಂದೆ. ‘ಆಗೋಯ್ತಾ?’ ಎಂದು ಅವನು ಕೇಳಿದ. ಪಕ್ಕದಲ್ಲಿ ಹರಡಿದ್ದ ಪೇಪರಿನ ಹಾಳೆಯಲ್ಲಿ ಕೂದಲನ್ನು ಮಡಚಿ ನೀನು ಹೊರಗೆ ಬಂದೆ. ಆರನೇ ಪುಟ ಎಲ್ಲಿಗೆ ಹೋಗುತ್ತಿತ್ತು ಎಂದು ಅವತ್ತು ಗೊತ್ತಾಯಿತು.

ನೀನು ಸೋಪು ಹಚ್ಚಿ ಕೈ ತೊಳೆದೆ. ಎರಡು ಸಲ ತೊಳೆದೆ. ನಾನು ಪೆನ್ನನ್ನು ನಿನ್ನ ಕೈಗೆ ಕೊಡಲಿಲ್ಲ, ಕಿಟಕಿಯ ಕಟ್ಟೆಯ ಮೇಲಿಟ್ಟೆ. ನೀನು ನನ್ನನ್ನೊಮ್ಮೆ ನೋಡಿ ಸಹಿ ಹಾಕಿದೆ. ಪೆನ್ನನ್ನು ವಾಪಸು ಕಿಟಕಿಯ ಕಟ್ಟೆಯ ಮೇಲೆಯೇ ಇಟ್ಟೆ. ಅದರ ಬಗ್ಗೆ ನಾವಿಬ್ಬರೂ ಮುಂದೆ ಯಾವತ್ತೂ ಮಾತಾಡಲಿಲ್ಲ, ಅಲ್ಲವಾ? ನೀನು ಒಳಗೆ ಹೋದ ಮೇಲೆ, ಅಲ್ಲೇ ಇಟ್ಟಿದ್ದ ಬಟ್ಟಲಿನ ನೀರಿಗೆ ನಾನು ಬೆರಳದ್ದಿ ನೋಡಿದೆ. ಬಿಸಿಯೇನೂ ಇರಲಿಲ್ಲ. ಉಗುರುಬೆಚ್ಚಗಿತ್ತು.

ಅದೇ ವರ್ಷ ಕಿರಂಗೂರಿನಲ್ಲಿ ಚಿಕ್ಕಕ್ಕನ ಬೀಗರೂಟ. ನೀನು ಪಂಚೆ ಎತ್ತಿ ಕಟ್ಟಿ ಸಾರಿನ ಬಕೆಟ್ಟು ಹಿಡಿದು ಪಂಕ್ತಿಗೆ ಇಳಿದೆ. ನಮ್ಮ ದೊಡ್ಡಮಾವ, ಅಮ್ಮನ ಅಣ್ಣ, ಎಲೆಯ ಮುಂದೆ ಕೂತೇ ಕೂಗಿದರು. ‘ಬಟ್ಲು ಚನ್ನಣ್ಣ, ನೀನ್ ಬಕೀಟು ಮುಟ್ಬೇಡ ಕಣಪ್ಪ. ನಿನ್ ಕೈ ಬೆಳಗ್ಗಿಂದ ಎಲ್ಲೆಲ್ಲಿ ಓಗ್ಬಂದದೋ.’ ಇಡೀ ಪಂಕ್ತಿ ನಕ್ಕಿತು. ನೀನೂ ನಕ್ಕೆ. ‘ಮುಂದಿನ್ ವಾರ ನಿಂಗೂ ಆಸ್ಪತ್ರೇಲಿ ಕೆಲ್ಸ ಬೀಳ್ತದೆ ಬಾ ಭಾವ, ಆವಾಗ್ ನೋಡ್ಕತೀನಿ’ ಎಂದು ಬಕೆಟ್ಟನ್ನು ಪಕ್ಕದವನಿಗೆ ಕೊಟ್ಟೆ. ಜನ ಇನ್ನೂ ಜೋರಾಗಿ ನಕ್ಕರು. ನೀನು ಹೋಗಿ ನೀರಿನ ಡ್ರಮ್ಮಿನ ಹತ್ತಿರ ನಿಂತುಕೊಂಡೆ. ಅಲ್ಲಿಂದ ಊಟ ಮುಗಿಯುವವರೆಗೂ ಕದಲಲಿಲ್ಲ. ನಾನು ನೋಡುತ್ತಿದ್ದೆ. ನಿನ್ನ ಪಕ್ಕಕ್ಕೆ ಬಂದು ನಿಲ್ಲಬಹುದಿತ್ತು. ಬಂದರೆ ನಾನು ಯಾರ ಮಗ ಎಂದು ಗೊತ್ತಾಗುತ್ತಿತ್ತು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿದ್ದ ವಿಷಯವೇ, ಆದರೂ...

ಮೆಡಿಕಲ್ ಸೀಟು ಸಿಕ್ಕಿ ಹಾಸ್ಟೆಲಿಗೆ ಸೇರಿದ ಮೊದಲ ವಾರ ರೂಮಿನ ಗೆಳೆಯ ಕೇಳಿದ, ನಿಮ್ಮ ತಂದೆ ಏನು ಮಾಡ್ತಾರೆ ಎಂದು. ‘ಹೆಲ್ತ್ ಡಿಪಾರ್ಟ್‌ಮೆಂಟು’ ಎಂದೆ. ‘ಇನ್‌ಸ್ಪೆಕ್ಟರಾ?’ ಎಂದ. ನಾನು ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಅಷ್ಟರಲ್ಲಿ ನೀನು ಹೆಲ್ತ್ ಇನ್‌ಸ್ಪೆಕ್ಟರಾಗಿಬಿಟ್ಟೆ. ನಾಲ್ಕು ವರ್ಷ ಹಾಗೆಯೇ ಇದ್ದೆ. ನೀನು ನನ್ನನ್ನು ನೋಡಲು ಬಂದ ಎರಡು ಸಲವೂ ಬಸ್ ಸ್ಟ್ಯಾಂಡಿಗೆ ನಾನೇ ಬರುತ್ತೇನೆ ಎಂದು ಹೇಳಿದ್ದೆ. ಹಾಸ್ಟೆಲು ದೂರ, ಸುಮ್ಮನೆ ಯಾಕೆ ನಡೆಯುತ್ತೀಯ ಎಂದಿದ್ದೆ. ಬಸ್ ಸ್ಟ್ಯಾಂಡಿನಿಂದ ಹಾಸ್ಟೆಲಿಗೆ ಹತ್ತು ನಿಮಿಷದ ದಾರಿ.

ಅಂತಿಮ ವರ್ಷದಲ್ಲಿದ್ದಾಗ ಒಂದು ದಿನ ಅಮ್ಮ ಫೋನು ಮಾಡಿದಳು. ‘ನಿಮ್ಮಪ್ಪಂಗೆ ಅದೇನೋ ಆಗದೆ. ನಂಗೆ ಯೋಳಕ್ಕೆ ಬರಲ್ಲ, ನೀನೇ ಕೇಳು.’ ನಿನ್ನನ್ನು ಕೇಳಿದರೆ ‘ಏನಿಲ್ಲ ಬುಡು’ ಎಂದೆ. ಎರಡು ದಿನ ಬಿಟ್ಟು ನೀನೇ ಫೋನು ಮಾಡಿ, ಬಹಳ ಹೊತ್ತು ಹಸುವಿನ ವಿಷಯ ಮಾತಾಡಿ, ಕೊನೆಗೆ ಹೇಳಿದೆ. ಒಂದಕ್ಕೆ ಹೋಗಲು ಕಷ್ಟ, ಬೆನ್ನಿನ ಮೂಳೆಯಲ್ಲಿ ನೋವು, ಎಂಟು ತಿಂಗಳಾಯಿತು ಎಂದು. ಎಂಟು ತಿಂಗಳು. ಸಾವಿರಾರು ಗಂಡಸರ ಸಂಕೋಚವನ್ನು ನಿಭಾಯಿಸಿದವನು ನೀನು, ನಿನ್ನದನ್ನು ಯಾರಿಗೆ ಹೇಳಬೇಕು ಎಂದು ತಿಳಿಯದೆ ಎಂಟು ತಿಂಗಳು ಸುಮ್ಮನಿದ್ದೆ. ಮನೆಯಲ್ಲಿ ಡಾಕ್ಟರಾಗುತ್ತಿದ್ದ ಮಗ ಒಬ್ಬನಿದ್ದ. ಅವನು ಪೆನ್ನನ್ನು ಕಿಟಕಿಯ ಮೇಲಿಟ್ಟವನು.

ನಿನ್ನನ್ನು ನಮ್ಮ ಕಾಲೇಜಿನ ಆಸ್ಪತ್ರೆಗೆ ಸೇರಿಸಿದ ಸಂಜೆ ನಾನು ಹೇಳಿದ ಮಾತು ನಿನಗೆ ನೆನಪಿದ್ದೇ ಇರುತ್ತದೆ. ಮಂಚದ ಪಕ್ಕ ನಿಂತು, ದನಿ ತಗ್ಗಿಸಿ, ‘ಇಲ್ಲಿ ನನ್ನ ಸ್ನೇಹಿತರೆಲ್ಲ ಓಡಾಡ್ತಿರ್ತಾರೆ. ಅಟೆಂಡರು ಅಂತೆಲ್ಲ ಹೇಳೋಕೆ ಹೋಗಬೇಡ’ ಎಂದೆ. ನೀನು ಟವಲು ಮಡಚಿ ದಿಂಬಿನ ಕೆಳಗೆ ಇಡುತ್ತಿದ್ದೆ. ‘ಆಯ್ತು ಬುಡು’ ಎಂದೆ. ಸ್ವಲ್ಪ ಹೊತ್ತು ಬಿಟ್ಟು, ‘ನೀನು ಈ ಕಡೆ ಜಾಸ್ತಿ ಬರಕ್ಕೋಗ್ಬೇಡ, ಓದ್ಕೊ’ ಎಂದೆ. ನನಗೆ ಆಗ ಅನಿಸಿದ್ದು ಸಮಾಧಾನ. ಸುಳ್ಳು ಹೇಳುವುದಿಲ್ಲ.

ಮರುದಿನ ಬೆಳಿಗ್ಗೆ ನಮ್ಮ ತಂಡದ ತರಗತಿ ಅದೇ ವಾರ್ಡಿನಲ್ಲಿ ಎಂದು ನನಗೆ ಗೊತ್ತಿರಲಿಲ್ಲ. ಎಂಟು ಜನ ವಿದ್ಯಾರ್ಥಿಗಳು, ಮುಂದೆ ಪ್ರೊಫೆಸರು. ಅವರು ಸಾಲಾಗಿ ಮಂಚಗಳನ್ನು ದಾಟಿ ಕಿಟಕಿಯ ಪಕ್ಕದ ಮಂಚದ ಬಳಿ ನಿಂತರು. ನಿನ್ನ ಮಂಚ. ಕೇಸ್ ಶೀಟು ನೋಡಿ ಇಂಗ್ಲಿಷಿನಲ್ಲಿ ಎರಡು ನಿಮಿಷ ಮಾತಾಡಿದರು. ಒಳ್ಳೆಯ ಕೇಸು, ಪ್ರಾಸ್ಟೇಟ್ ಗ್ರಂಥಿ ಕಲ್ಲಿನಂತಿದೆ, ಎಲ್ಲರೂ ಬೆರಳಿನಿಂದ ಮುಟ್ಟಿ ತಿಳಿಯಬೇಕು ಎಂದರು. ಅದನ್ನು ಗುದದ್ವಾರದ ಮೂಲಕವೇ ನೋಡಬೇಕು. ನಿನಗೆ ಕನ್ನಡದಲ್ಲಿ ಹೇಳಿದ್ದು ಎರಡೇ ಮಾತು. ‘ಪಕ್ಕಕ್ಕೆ ತಿರುಗಪ್ಪ. ಕಾಲು ಮಡಚು.’ ಪರದೆ ಆಚೆ ಕೊನೆಯ ಮಂಚದ ಬಳಿ ಇತ್ತು. ತರಲು ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ. ಎಂಟು ಹೆಜ್ಜೆ ಇತ್ತು.

ನೀನು ಗೋಡೆಯ ಕಡೆಗೆ ತಿರುಗುವ ಮೊದಲು ನನ್ನನ್ನು ನೋಡಿದೆ. ನಾನು ಆರನೆಯವನಾಗಿ, ಎತ್ತರದ ಒಬ್ಬನ ಹಿಂದೆ ನಿಂತಿದ್ದೆ. ಮೊದಲನೆಯವನು ಗ್ಲೌಸು ಹಾಕಿಕೊಂಡ. ಎರಡನೆಯವನು. ಮೂರನೆಯವಳು. ಆಗ ನಿನ್ನ ಎರಡೂ ಕೈ ಎದೆಯ ಹತ್ತಿರ ಮೇಲೆದ್ದಿದ್ದವು. ಅಂಗೈ ಎದುರುಬದುರಾಗಿ, ನಡುವೆ ಒಂದು ಗೇಣು ಅಂತರ. ಕೈ ಮುಗಿಯುತ್ತಿದ್ದೀಯ ಎಂದುಕೊಂಡೆ. ನೋವಿರಬೇಕು ಎಂದುಕೊಂಡೆ. ‘ಕೈ ಕೆಳಗಿಡಪ್ಪ’ ಎಂದರು ಪ್ರೊಫೆಸರು. ನೀನು ಇಳಿಸಿದೆ. ಮತ್ತೆ ಅವು ತಾವಾಗಿಯೇ ಮೇಲೆದ್ದವು.

ಐದನೆಯವನದು ಮುಗಿಯಿತು. ನನ್ನ ಸರದಿ. ಗ್ಲೌಸಿನ ಡಬ್ಬ ನನ್ನ ಕೈಗೆ ಬಂತು. ಆಗಲಾದರೂ ಬಾಯಿ ತೆರೆಯಬಹುದಿತ್ತು. ಸರ್, ಇವರು ನಮ್ಮ ತಂದೆ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ನಾನು ನಿಂತೇ ಇದ್ದೆ. ‘ಏನಯ್ಯಾ, ಅಸಹ್ಯವಾ?’ ಎಂದು ಪ್ರೊಫೆಸರು ಕೇಳಿದರು. ಆಗ ನೀನು ಗೋಡೆಯ ಕಡೆಯಿಂದಲೇ ಮಾತಾಡಿದೆ.

‘ಸಾರ್, ಸಾಕ್ ಬುಡಿ ಸಾರ್. ಎರಡಕ್ಕೆ ಬಂದ್ಬುಟ್ಟದೆ. ಈಗ್ ಬುಡ್ಲಿಲ್ಲ ಅಂದ್ರೆ ಈ ಉಡುಗ್ರ ಮೇಲೇ ಆಗೋಯ್ತದೆ.’

ಎಲ್ಲರೂ ನಕ್ಕರು. ಪ್ರೊಫೆಸರೂ ನಕ್ಕರು. ನೀನು ಲುಂಗಿ ಸುತ್ತಿಕೊಂಡು ಎದ್ದೆ, ಬೇಕೆಂದೇ ಹೊಟ್ಟೆ ಹಿಡಿದುಕೊಂಡು ಬಗ್ಗಿ ನಡೆದೆ. ಬೀಗರೂಟದಲ್ಲಿ ನಗಿಸಿದ ಹಾಗೆಯೇ ನಗಿಸಿದೆ. ‘ಜೊತೆಗೆ ಯಾರು ಬಂದಿದ್ದಾರಪ್ಪ?’ ಎಂದು ಪ್ರೊಫೆಸರು ಹಿಂದಿನಿಂದ ಕೇಳಿದರು. ‘ಯಾರೂ ಇಲ್ಲ ಸಾರ್. ಒಬ್ನೇ ಬಂದಿವ್ನಿ.’ ನನ್ನನ್ನು ದಾಟಿ ಹೋಗುವಾಗ ನಿನ್ನ ತೋಳು ನನ್ನ ಬಿಳಿ ಕೋಟಿಗೆ ತಾಗಿತು. ನೀನು ನೋಡಲಿಲ್ಲ.

ನಾನೂ ನಕ್ಕೆ, ಅಪ್ಪ. ಇಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡದ್ದು ಇದೇ. ಸುಮ್ಮನೆ ನಿಂತಿದ್ದೆ ಎಂದಾದರೂ ಹೇಳಿಕೊಳ್ಳಬಹುದಿತ್ತು. ಸುಮ್ಮನೆ ನಿಲ್ಲಲಿಲ್ಲ, ಎಲ್ಲರ ಜೊತೆ ನಕ್ಕೆ. ಆಮೇಲೆ ಕ್ಯಾಂಟೀನಿನಲ್ಲಿ ಒಬ್ಬ, ‘ಆ ಮುದುಕ ಒಳ್ಳೆ ಟೈಮಿಗೆ ತಪ್ಪಿಸ್ಕೊಂಡ ಕಣೋ, ನೀನೂ ಬಚಾವಾದೆ’ ಎಂದ. ನಾನು ಟೀ ಕುಡಿದೆ.

ಸಂಜೆ ಬಂದಾಗ ನೀನು ಮಂಚದ ಮೇಲೆ ಕೂತು ಯಾರೋ ಬಿಟ್ಟು ಹೋಗಿದ್ದ ಪೇಪರು ಓದುತ್ತಿದ್ದೆ. ‘ಬೆಳಗ್ಗೆ ಪಾಠ ಚೆನ್ನಾಗಿತ್ತಾ?’ ಎಂದು ಕೇಳಿದೆ. ಗೇಲಿಯಾ ಎಂದು ನಾನು ನಿನ್ನ ಮುಖ ನೋಡಿದೆ. ಗೇಲಿ ಇರಲಿಲ್ಲ. ‘ನಿಮ್ ಮೇಷ್ಟ್ರು ಚೆನ್ನಾಗಿ ಯೋಳ್ಕೊಡ್ತಾರೆ. ಒಂದ್ ಕೆಲ್ಸ ಮಾಡು. ಆ ಪರದೆ ಒಂದು ತಂದು ಇಲ್ಲಿಕ್ಕಕ್ಕೆ ಯೋಳು. ನಂಗಲ್ಲ. ಈ ಪಕ್ಕದ ತಾತಂಗೆ ನಾಳೆ ಅಂತೆ. ಬೆಳಗ್ಗಿಂದ ಊಟ ಮಾಡಿಲ್ಲ ಆ ಮನುಷ್ಯ, ನಂದು ನೋಡ್ಬುಟ್ಟು.’ ಹೇಳುತ್ತೇನೆ ಎಂದೆ. ಹೇಳಿದೆನಾ? ಇಲ್ಲ. ಹೇಳಿದರೆ, ನಿನಗೇನು ಅವರು ಗೊತ್ತಾ ಎಂದು ನರ್ಸು ಕೇಳುತ್ತಿದ್ದಳು.

ಪ್ರಾಸ್ಟೇಟಿನ ಕ್ಯಾನ್ಸರು ಮೂಳೆಗೆ ಹರಡಿದೆ ಎಂದು ವಾರದೊಳಗೆ ಗೊತ್ತಾಯಿತು. ಅದರ ಬೆಳವಣಿಗೆ ತಡೆಯಲು ವೃಷಣ ತೆಗೆಯುವ ಆಪರೇಷನ್ನು, ಇಲ್ಲವೇ ತಿಂಗಳಿಗೊಂದು ಇಂಜೆಕ್ಷನ್ನು ಎಂದರು. ಆಪರೇಷನ್ನಿಗೆ ನೀನು ತಲೆ ಅಲ್ಲಾಡಿಸಿದೆ. ಇಂಜೆಕ್ಷನ್ನಿಗೆ ಮೂರು ಸಲ ಬಂದೆ, ನಾಲ್ಕನೇ ಸಲ ಬರಲಿಲ್ಲ. ಹಸು ಕರು ಹಾಕುವುದರಲ್ಲಿದೆ ಎಂದೆ. ಅದಾದ ಮೇಲೆ ನಾಟಿ ಎಂದೆ. ನಾನು ಒತ್ತಾಯ ಮಾಡಲಿಲ್ಲ. ಮುಂದೆ ಸರ್ಜರಿ ಓದುವಾಗ ನಿನ್ನ ಹಳೆಯ ಫೈಲನ್ನು ತೆಗೆಸಿ ಓದಿದೆ. ನೀನು ಬಂದ ದಿನವೇ ತಡವಾಗಿತ್ತು, ಎಲ್ಲ ಇಂಜೆಕ್ಷನ್ನು ತಗೊಂಡಿದ್ದರೂ ನೀನು ಉಳಿಯುತ್ತಿರಲಿಲ್ಲ. ಇದು ನಿಜ. ಇನ್ನೊಂದಿಷ್ಟು ದಿನ ಕಡಿಮೆ ನೋವಿನಲ್ಲಿ ಬದುಕುತ್ತಿದ್ದೆ, ಅದೂ ನಿಜ. ಆ ಬೆಳಿಗ್ಗೆ ನಡೆದದ್ದಕ್ಕೂ ನೀನು ಬರುವುದು ನಿಲ್ಲಿಸಿದ್ದಕ್ಕೂ ಸಂಬಂಧವಿತ್ತೇ? ಇತ್ತು ಎನ್ನಲು ನನ್ನ ಹತ್ತಿರ ಪುರಾವೆಯಿಲ್ಲ. ಇಲ್ಲ ಎನ್ನಲು ಧೈರ್ಯವಿಲ್ಲ.

ಕೊನೆಯ ತಿಂಗಳಲ್ಲಿ ಮನೆಯಲ್ಲಿ ನಿನಗೆ ಮೂತ್ರದ ನಳಿಕೆ ಹಾಕಿತ್ತು. ಅದನ್ನು ಬದಲಿಸಬೇಕಿತ್ತು. ನಾನಾಗ ಹೌಸ್ ಸರ್ಜನ್. ಆ ಕೆಲಸ ದಿನಕ್ಕೆ ನಾಲ್ಕು ಸಲ ಮಾಡುತ್ತಿದ್ದೆ. ಕೈ ತೊಳೆದು ಬಂದೆ. ‘ನೀನ್ ಬ್ಯಾಡ’ ಎಂದೆ ನೀನು. ‘ರಾಜನ್ನ ಕರಿ.’ ರಾಜಣ್ಣ, ನಿನ್ನ ಕೈಕೆಳಗೆ ಕೆಲಸ ಕಲಿತ ಅಟೆಂಡರು, ಪಾಂಡವಪುರದಿಂದ ಬೈಕಿನಲ್ಲಿ ಬಂದ. ನಾನು ಬಾಗಿಲ ಹೊರಗೆ ನಿಂತೆ. ಅವನು ಅಮ್ಮನಿಂದ ಒಂದು ಬಟ್ಟಲು ಕೇಳಿ ತಗೊಂಡ. ಉಗುರುಬೆಚ್ಚಗಿನ ನೀರು ಹಾಕಿದ.

‘ಇಡ್ಕ ಅಣ್ಣೋ. ಬಿಸ್ನೀರು. ಚೆಲ್ಬುಟ್ಟೀಯ.’

‘ನಂಗೇ ಯೋಳ್ಕೊಡ್ತೀಯಲ್ಲ ಬೋಳಿಮಗ್ನೆ’ ಎಂದೆ ನೀನು.

ನಿನ್ನ ಎರಡೂ ಕೈ ಎದೆಯ ಹತ್ತಿರ ಮೇಲೆದ್ದವು. ಅಂಗೈ ಎದುರುಬದುರು, ನಡುವೆ ಒಂದು ಗೇಣು. ಬಟ್ಟಲು ಆ ಜಾಗದಲ್ಲಿ ಸರಿಯಾಗಿ ಕೂತಿತು. ವಾರ್ಡಿನ ಆ ಬೆಳಿಗ್ಗೆ ಕೈ ಮುಗಿಯುತ್ತಿದ್ದೀಯ ಎಂದುಕೊಂಡಿದ್ದೆನಲ್ಲ. ನೀನು ಬಟ್ಟಲು ಕೇಳುತ್ತಿದ್ದೆ. ಅಲ್ಲಿದ್ದ ಒಂಬತ್ತು ಜನರಲ್ಲಿ ಅದು ಗೊತ್ತಾಗಬೇಕಾದವನು ನಾನೊಬ್ಬನೇ ಇದ್ದೆ.

ಈಗಿನ ಸಂಗತಿ ಹೇಳುತ್ತೇನೆ. ನಾನೀಗ ಸರ್ಜನ್, ನಾಗಮಂಗಲದ ಕಡೆಯ ಒಂದು ಆಸ್ಪತ್ರೆಯಲ್ಲಿದ್ದೇನೆ. ಕೂದಲು ತೆಗೆಯಲು ಈಗ ಬ್ಲೇಡು ಇಲ್ಲ, ಕ್ಲಿಪ್ಪರು. ಸೋಪೂ ಬೇಡ, ನೀರೂ ಬೇಡ. ಬಟ್ಟಲಿಗೆ ಕೆಲಸವೇ ಇಲ್ಲ. ಆದರೂ ನನ್ನ ಹತ್ತಿರ ಒಂದು ಸ್ಟೀಲಿನ ಬಟ್ಟಲಿದೆ. ಸಂಕೋಚಪಡುವವರ ಕೈಗೆ ಅರ್ಧ ನೀರು ಹಾಕಿ ಕೊಡುತ್ತೇನೆ. ಒಂದು ಕೆಲಸ ಕೈಗೆ ಬಂದ ಕೂಡಲೇ ಅವರು ಬಟ್ಟೆ ಬಿಚ್ಚಿಸಿಕೊಂಡು ಮಲಗಿದವರಾಗಿರುವುದಿಲ್ಲ, ನಮಗೆ ಸಹಾಯ ಮಾಡುತ್ತಿರುವವರಾಗುತ್ತಾರೆ. ಕೈ ಮುಚ್ಚಿಕೊಳ್ಳಲು ಹೋಗುವುದಿಲ್ಲ, ಕಣ್ಣು ನಮ್ಮ ಮುಖ ನೋಡುವುದಿಲ್ಲ. ಇದನ್ನು ಕಂಡು ನರ್ಸುಗಳು ‘ಡಾಕ್ಟ್ರ ಬಟ್ಲು’ ಎಂದು ಹೆಸರಿಟ್ಟಿದ್ದಾರೆ. ಕಳೆದ ತಿಂಗಳು ಹೊಸ ಹೌಸ್ ಸರ್ಜನ್‌ಗಳಿಗೆ ರೋಗಿಯ ಸಂಕೋಚದ ಬಗ್ಗೆ ಮಾತಾಡಲು ನನಗೇ ಹೇಳಿದರು. ಮಾತಾಡಿದೆ. ಬಟ್ಟಲನ್ನು ಎತ್ತಿ ತೋರಿಸಿ, ‘ಇದು ನನ್ನದೊಂದು ಸಣ್ಣ ಉಪಾಯ’ ಎಂದೆ. ಚಪ್ಪಾಳೆ ತಟ್ಟಿದರು. ನಾನು ತಲೆ ಬಗ್ಗಿಸಿ ನಿಂತೆ. ವಿನಯ ಎಂದುಕೊಂಡರು.

ಹೋದ ಮಂಗಳವಾರ ಕೆ.ಆರ್. ಪೇಟೆ ಕಡೆಯ ಬೋರೇಗೌಡರು ಎಂಬ ಹಿರಿಯರು ಸೊಸೆಯ ಜೊತೆ ಬಂದಿದ್ದರು. ಬೆನ್ನು ನೋವು ಎಂದು ಚೀಟಿಯಲ್ಲಿ ಬರೆಸಿದ್ದರು. ಹೌಸ್ ಸರ್ಜನ್ ಹುಡುಗ ಅವರು ಕಾಲು ಅಗಲಿಸಿ ನಡೆಯುವುದನ್ನು ಗಮನಿಸಿದ. ಬುದ್ಧಿವಂತ. ಆದರೆ ಸೊಸೆಯ ಎದುರಿಗೇ, ‘ತೊಡೆ ಸಂದೀಲಿ ಗಂಟು ಇದೆಯಾ ತಾತ? ಲುಂಗಿ ತೆಗೀರಿ ನೋಡೋಣ’ ಎಂದ. ಸೊಸೆ ಮುಖ ತಿರುಗಿಸಿದಳು. ಬೋರೇಗೌಡರು ಎದ್ದರು. ‘ಯೇ, ಎಂತಾ ಗಂಟೂ ಇಲ್ಲ. ಬೆನ್ನಿಗೊಂದು ಮಾತ್ರೆ ಬರ್ಕೊಡ್ಲಾ, ಓಯ್ತೀನಿ’ ಎಂದು ನಡೆದೇಬಿಟ್ಟರು. ನಾನು ಪಕ್ಕದ ಮೇಜಿನಿಂದ ನೋಡುತ್ತಿದ್ದೆ. ಗಂಟು ಇತ್ತು, ದೊಡ್ಡದೇ ಇತ್ತು. ಹರ್ನಿಯಾ ಸಿಕ್ಕಿಕೊಂಡು ಕರುಳು ಕೊಳೆತ ಮೇಲೆ ಬಂದವರನ್ನು ನಾನು ಕಂಡಿದ್ದೇನೆ. ಅವರು ಬಾಗಿಲು ದಾಟಿದರೆ ಮತ್ತೆ ಬರುವುದು ಹಾಗೆಯೇ.

ಓಡಿ ಹೋಗಿ ಹೊರಬಾಗಿಲಲ್ಲಿ ಹಿಡಿದೆ. ಸೊಸೆಯನ್ನು ಔಷಧಿ ಸಾಲಿಗೆ ಕಳಿಸಿದೆ. ‘ಯಜಮಾನ್ರೆ, ಒಂದು ನಿಮಿಷ, ನನಗೊಂದು ಸಹಾಯ ಆಗಬೇಕು’ ಎಂದು ಒಳಗೆ ಕರೆದುಕೊಂಡು ಬಂದೆ. ಪರದೆ ಎಳೆದೆ. ಮಲಗಿಸಿ ಬಟ್ಟಲು ಕೈಗೆ ಕೊಟ್ಟೆ. ಹೌಸ್ ಸರ್ಜನ್‌ಗಳಿಬ್ಬರು ಪಕ್ಕದಲ್ಲಿದ್ದರು. ಬೋರೇಗೌಡರು ಬಟ್ಟಲನ್ನು ನೋಡಿದರು, ನನ್ನನ್ನು ನೋಡಿದರು.

‘ಇದು ಪಾಂಡವಪುರದ ಬಟ್ಲು ಚನ್ನಣ್ಣನ ಕೆಲ್ಸ ಅಲ್ವಾ?’

ನಾನು ಪರದೆಯ ಸಂದಿ ಮುಚ್ಚಿದೆ.

‘ಮಗಳ ಮನೇಲಿದ್ದಾಗ ಆ ಕಡೆ ತೊಡೆ ಗಂಟ್ನ ಅಲ್ಲೇ ಕುಯ್ಸಿದ್ದು. ಬಿಸ್ನೀರು ಅಂತಿದ್ದ, ಬಿಸೀನೇ ಇರ್ಲಿಲ್ಲ ಕಳ್ನನ್ಮಗಂದು. ಅವ್ನು ನಿಮ್ಗೆಂಗೆ ಗೊತ್ತು ಡಾಕ್ಟ್ರೇ?’

ಹೌಸ್ ಸರ್ಜನ್ ಹುಡುಗ ನನ್ನ ಮುಖ ನೋಡಿದ. ಅವನು ಕಳೆದ ತಿಂಗಳ ಚಪ್ಪಾಳೆಯಲ್ಲಿದ್ದವನು. ‘ನಮ್ಮಪ್ಪ’ ಎಂದೆ.

‘ಅಂಗಂತ ಮೊದ್ಲೇ ಬೊಗಳದಲ್ವೇನ್ಲಾ’ ಎಂದವರು ನಾಲಿಗೆ ಕಚ್ಚಿಕೊಂಡರು. ‘ತಪ್ಪಾಯ್ತು ಡಾಕ್ಟ್ರೇ. ಚನ್ನಣ್ಣನ ಮಗ ಅಂದ್ರೆ ಬಾಯಿಗೆ ಅಂಗೇ ಬಂದ್ಬುಡ್ತು. ಅವ್ನು ಚೆನ್ನಾಗವ್ನಾ?’

ಇಲ್ಲ ಎಂದು ಹೇಳಿದೆ. ಅವರು ಬಟ್ಟಲಿನ ನೀರು ನೋಡಿದರು. ‘ಕುಯ್ಯದಾದ್ರೆ ಕುಯ್ರಿ’ ಎಂದರು. ‘ಆದ್ರೆ ಕೂದ್ಲು ತೆಗ್ಯಕ್ಕೆ ಈ ಉಡುಗ್ರು ಬ್ಯಾಡ. ಚನ್ನಣ್ಣ ಇಲ್ಲ ಅಂದ್ಮೇಲೆ ನೀವೇ ತೆಗೀಬೇಕು.’ ತಮಾಷೆಗೆ ಅಂದರೋ ನಿಜಕ್ಕೋ ತಿಳಿಯಲಿಲ್ಲ. ಆಗಲಿ ಎಂದೆ.

ನಾನಾಗಿ ಹೇಳಿದ್ದಲ್ಲ, ಸಿಕ್ಕಿಬಿದ್ದು ಹೇಳಿದ್ದು. ನಿನ್ನೆದುರು ಇದನ್ನು ದೊಡ್ಡದು ಮಾಡಿಕೊಳ್ಳುವುದಿಲ್ಲ. ಹೌಸ್ ಸರ್ಜನ್‌ಗಳಿಗೆ ಈಗ ಗೊತ್ತಿರುವುದು ಒಳ್ಳೆಯ ಭಾಗ ಮಾತ್ರ. ಅಪ್ಪನಿಂದ ಕಲಿತದ್ದನ್ನು ಮಗ ಮುಂದುವರಿಸಿದ ಎಂದು ಅವರು ಸಂತೋಷಪಡುತ್ತಿದ್ದಾರೆ. ನಾಳೆ ಆರು ಗಂಟೆಗೆ ಆ ಇಬ್ಬರನ್ನೂ ಬರಲು ಹೇಳಿದ್ದೇನೆ. ಬೋರೇಗೌಡರ ಕೂದಲು ತೆಗೆದಾದ ಮೇಲೆ ಆ ಇಬ್ಬರನ್ನು ಕೂರಿಸಿ ಕಿಟಕಿ ಪಕ್ಕದ ಮಂಚದ ಕಥೆ ಹೇಳುತ್ತೇನೆ. ಪರದೆ ಎಂಟು ಹೆಜ್ಜೆ ದೂರವಿತ್ತು ಎಂಬುದನ್ನು, ನೀನು ಏನು ಹೇಳಿ ಎದ್ದು ಹೋದೆ ಎಂಬುದನ್ನು, ನಾನು ನಕ್ಕೆ ಎಂಬುದನ್ನೂ. ಅವರು ನನ್ನ ಬಗ್ಗೆ ಏನೆಂದುಕೊಳ್ಳುತ್ತಾರೋ ಅಂದುಕೊಳ್ಳಲಿ.

ಇವತ್ತು ಸಂಜೆ ಬಟ್ಟಲು ತೊಳೆದು ಚೀಲದಲ್ಲಿಟ್ಟೆ. ಪೇಪರಿನಿಂದ ಒಂದು ಹಾಳೆಯನ್ನೂ ತೆಗೆದಿಟ್ಟೆ. ನನಗೊಬ್ಬ ಮಗಳಿದ್ದಾಳೆ, ಅಪ್ಪ. ನೀನು ನೋಡಲಿಲ್ಲ. ಎಂಟು ವರ್ಷ, ಪೇಪರು ಓದುತ್ತಾಳೆ, ನಿನ್ನ ಹಾಗೆ ಕೊನೆಯ ಪುಟದಿಂದ. ಓದುತ್ತಾ ಓದುತ್ತಾ ಬಂದು, ಆರನೇ ಪುಟ ಎಲ್ಲಿ ಎಂದು ಕೇಳಿದಳು. ಕೆಲಸಕ್ಕೆ ಬೇಕಾಗಿತ್ತು ಎಂದೆ.

‘ಯಾವ ಕೆಲಸ?’ ಎಂದಳು.

ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ.